ತೋಳದ ಆಟ, ಬತ್ತಿಯ ಲೆಕ್ಕ

ಒಂದೇ ಕೆಲಸವನ್ನು ಸಾವಿರ ಸಲ ಮಾಡಿಸುವ ವಿಡಿಯೊ ಗೇಮು ನನಗೆ ಹಿಡಿಸುತ್ತದೋ ಇಲ್ಲವೋ ಅಂತ ತೀರ್ಮಾನ ಮಾಡುವುದಕ್ಕೆ ಹತ್ತು ದಿನ ಸಿಕ್ಕಿತ್ತು. ಹತ್ತು ದಿನದೊಳಗೆ ತೀರ್ಮಾನವೂ ಆಯಿತು. ಆದರೆ ಅದೇ ಹತ್ತು ದಿನದಲ್ಲಿ ಇನ್ನೊಂದು ಕೆಲಸ ಕೆಟ್ಟಿತು, ಅದು ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ. ದೆವ್ವ ಗಿವ್ವ ಅಂತೆಲ್ಲ ನಂಬುವವಳಲ್ಲ ನಾನು. ನಂಬುವವಳಲ್ಲ ಅಂತ ಬಾಯಲ್ಲಿ ಹೇಳಿಕೊಂಡು, ಸಂಜೆ ಕರೆಂಟು ಹೋದರೆ ಇದ್ದಲ್ಲೇ ನಿಂತುಬಿಡುತ್ತೇನೆ, ಒಂದು ಹೆಜ್ಜೆ ಮುಂದಿಡುವುದಿಲ್ಲ. ಯಾಕೆ ಅಂತ ಕೇಳಿದವರಿಗೆ ಕಾಲು ಎಡವುತ್ತೆ ಅಂತ ಹೇಳುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷ ಆಗಿತ್ತು. ಅಗ್ರಹಾರದ ನಮ್ಮ ಮನೆಯಲ್ಲಿ ಇದ್ದದ್ದು ಮೂರೇ ಜನ. ಅಮ್ಮ, ನಾನು, ಅತ್ತೆ. ಅತ್ತೆ ಅಂದರೆ ಅಪ್ಪನ ಅಕ್ಕ. ಅಪ್ಪ ಹೋಗಿ ಆಗಲೇ ಕೆಲವು ವರ್ಷ ಕಳೆದಿತ್ತು. ಅತ್ತೆ ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ನಾನು ಹುಟ್ಟುವ ಮೊದಲಿನಿಂದಲೂ ನಡುಮನೆಯ ಕಿಟಕಿಯ ಕೆಳಗೆ ಅವರ ಚಾಪೆ ಇತ್ತು. ಆ ಚಾಪೆಗೆ ಎರಡು ಮೊಳ ದೂರದಲ್ಲಿ ನನ್ನ ಕಂಪ್ಯೂಟರ್. ಯೂನಿವರ್ಸಿಟಿಯಲ್ಲಿ ಪಿಎಚ್.ಡಿ. ಮಾಡುವವರ ಥೀಸಿಸ್‌ಗಳನ್ನು ಮನೆಯಲ್ಲೇ ಕೂತು ಟೈಪ್ ಮಾಡಿಕೊಡುವುದು ನನ್ನ ಕೆಲಸ. ಅಡಿಟಿಪ್ಪಣಿ ಜಾಸ್ತಿ ಇರುವ ಥೀಸಿಸ್ ಬಂದರೆ ಬರೆದವರಿಗೆ ಮನಸ್ಸಿನಲ್ಲೇ ಮಂಗಳಾರತಿ ಎತ್ತುತ್ತಿದ್ದೆ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಗೇಮಿನ ಹುಚ್ಚೂ ಅಷ್ಟೇ ಹಳೆಯದು. ತೊಂಬತ್ತರ ದಶಕದಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ಅಪ್ಪ ಟೀವಿಗೆ ಸಿಕ್ಕಿಸುವ ಕ್ಯಾಸೆಟ್ ಗೇಮು ತಂದುಕೊಟ್ಟಿದ್ದರು. ಹಾರು, ಗುಂಡು ಹೊಡಿ, ಸತ್ತರೆ ಮತ್ತೆ ಮೊದಲಿಂದ. ನಾನು ಮೂರು ಸಲ ಸತ್ತರೆ ನಾಲ್ಕನೇ ಸಲಕ್ಕೆ ಕ್ಯಾಸೆಟ್ಟನ್ನೇ ಕಿತ್ತು ಸೋಫಾ ಮೇಲೆ ಎಸೆಯುತ್ತಿದ್ದೆ. ಒಂದು ಗೇಮನ್ನೂ ಕೊನೆ ಮುಟ್ಟಿಸಿದವಳಲ್ಲ. ಆದರೂ ಯಾವ ಗೇಮು ಚೆನ್ನಾಗಿದೆ, ಯಾವುದು ದಂಡ ಅಂತ ಹೇಳುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಅನ್ನುವ ಜಂಬ ಮಾತ್ರ ಇತ್ತು.

ಆ ಜಂಬವನ್ನು ನಂಬಿದವಳು ನನ್ನ ಕಾಲೇಜಿನ ಗೆಳತಿ. ದೇವರಾಜ ಮೊಹಲ್ಲಾದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಬ್ರೌಸಿಂಗ್ ಸೆಂಟರ್ ಇಟ್ಟಿದ್ದಳು. ಈಮೇಲ್ ನೋಡುವವರಿಗಿಂತ ಗೇಮ್ ಆಡುವವರೇ ಅವಳಿಗೆ ಗಿರಾಕಿ. ಶ್ರಾವಣದಲ್ಲಿ ಒಂದು ದಿನ ಅತ್ತೆಯ ವ್ರತಕ್ಕೆ ಹತ್ತಿ ತರಲು ಮಾರ್ಕೆಟ್ಟಿಗೆ ಹೋದವಳು ಅವಳ ಹತ್ತಿರ ಹೋದೆ. ಅವಳು ಒಂದು ಸೀಡಿ ಕೈಗಿಟ್ಟಳು.

“ಇದನ್ನ ಎಲ್ಲಾ ಮಿಷಿನ್ನಿಗೂ ಹಾಕಿಸ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ ಕಣೇ. ಆಡಿದೋರಲ್ಲಿ ಅರ್ಧ ಜನ ನನಗೇ ಬೈತಾರೆ, ಇನ್ನರ್ಧ ಜನ ಎದ್ದೇ ಹೋಗಲ್ಲ. ಹತ್ತು ದಿನ ಆಡಿ ನೋಡಿ ನೀನೇ ಹೇಳ್ಬುಡು.”

“ಹೇಗಿದೆಯಂತೆ?”

“ಮೊದಲು ಹತ್ತು ಗಂಟೆ ಬೋರಂತೆ. ಆಮೇಲೆ ಚೆನ್ನಾಗಿರತ್ತಂತೆ.”

“ಬೋರ್ ಹೊಡೆಸ್ಕೊಂಡು ಆಮೇಲೆ ಸುಖ ಪಡೋದಕ್ಕೆ ಇದೇನು ಮದುವೇನೇನೇ?” ಅಂದೆ. ಅವಳಿಗೆ ಮದುವೆಯಾಗಿ ಮೂರೇ ತಿಂಗಳಾಗಿತ್ತು. ಬಿಲ್ ಪುಸ್ತಕದಲ್ಲಿ ನನ್ನ ತಲೆಗೊಂದು ಕೊಟ್ಟಳು.

ಅತ್ತೆಯ ವ್ರತ ಏನು ಅಂತ ಇಲ್ಲೇ ಹೇಳಿಬಿಡುತ್ತೇನೆ. ಹಿಂದಿನ ಕಾರ್ತಿಕದಲ್ಲಿ ಅವರು ಲಕ್ಷಬತ್ತಿ ಮಾಡುವುದಾಗಿ ಸಂಕಲ್ಪ ಮಾಡಿದ್ದರು. ಒಂದು ಲಕ್ಷ ಹೂಬತ್ತಿ. ಹತ್ತಿಯ ಬೀಜ ತೆಗೆದು, ಎಳೆ ಬಿಡಿಸಿ, ಬೆರಳಿಗೆ ಒಂದಿಷ್ಟು ವಿಭೂತಿ ಮುಟ್ಟಿಸಿಕೊಂಡು, ಕೆಳಗೆ ದುಂಡಗೆ ಮೇಲೆ ಚೂಪಗೆ ಹೊಸೆಯಬೇಕು. ಎಲ್ಲವೂ ಹರಕೆ ಹೊತ್ತವರ ಕೈಯಿಂದಲೇ ಆಗಬೇಕು. ಅಮ್ಮ ಒಂದು ಸಲ ಬಿಡುವಾಗಿ ಕೂತಿದ್ದಾಗ ಇಪ್ಪತ್ತು ಬತ್ತಿ ಹೊಸೆದು ಮೊರಕ್ಕೆ ಹಾಕಿದ್ದರು, ಅತ್ತೆ ಒಂದೊಂದನ್ನೇ ಆರಿಸಿ ತೆಗೆದು ದೇವರ ಮನೆಯ ದಿನದ ದೀಪಕ್ಕೆ ಇಟ್ಟುಬಿಟ್ಟರು. “ಬೇರೆಯೋರ ಕೈದು ಲೆಕ್ಕಕ್ಕೆ ಬರಲ್ಲ ಕಣಮ್ಮ, ಬೇಜಾರು ಮಾಡ್ಕೋಬೇಡ,” ಅಂದರು. ಲಕ್ಷ ಆದ ಮೇಲೆ ಕಾರ್ತಿಕದಲ್ಲಿ ಎಲ್ಲವನ್ನೂ ತುಪ್ಪದಲ್ಲಿ ನೆನೆಸಿ ದೇವಸ್ಥಾನದಲ್ಲಿ ಹಚ್ಚಬೇಕು.

ನೂರು ಬತ್ತಿಗೆ ಒಂದು ಕಟ್ಟು, ಒಂದು ಕಟ್ಟಿಗೆ ಒಂದು ಹುಣಸೆ ಬೀಜ. ಬೀಜವನ್ನು ಹಿತ್ತಾಳೆ ಡಬ್ಬಿಗೆ ಹಾಕುತ್ತಿದ್ದರು. ಆಷಾಢದ ಹೊತ್ತಿಗೆ ಡಬ್ಬಿಯಲ್ಲಿ ಆರು ನೂರು ಬೀಜ ಇತ್ತು. ಅರವತ್ತು ಸಾವಿರ. ಆ ಅರವತ್ತು ಸಾವಿರದಲ್ಲಿ ಒಂದೂ ಹೆಚ್ಚು ಕಮ್ಮಿ ಇರಲಿಲ್ಲ, ಅದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಆಷಾಢದಲ್ಲೇ ಅವರ ಕಣ್ಣು ಕೈಕೊಟ್ಟಿತು. ಪೊರೆ ಬಂದಿದ್ದರೆ ಆಪರೇಷನ್ ಮಾಡಿಸಬಹುದಿತ್ತು. ಇದು ಕಣ್ಣಿನ ನರ ಒಣಗುವ ಕಾಯಿಲೆ, ಇದ್ದಷ್ಟನ್ನು ಉಳಿಸಿಕೊಳ್ಳೋಣ, ಹೋದದ್ದು ಬರಲ್ಲ ಅಂದರು ಡಾಕ್ಟರು. ಬತ್ತಿ ಹೊಸೆಯುವುದಕ್ಕೆ ಕಣ್ಣು ಬೇಡ, ಎಣಿಸುವುದಕ್ಕೆ ಬೇಕು. ಎಣಿಸುತ್ತಾ ಎಣಿಸುತ್ತಾ ಕಟ್ಟು ಕೈತಪ್ಪಿ ಬಿದ್ದರೆ ಯಾವುದು ಎಣಿಸಿದ್ದು, ಯಾವುದು ಎಣಿಸದ್ದು ಅಂತ ತಿಳಿಯುತ್ತಿರಲಿಲ್ಲ. ಹಾಗಾಗಿ ಲೆಕ್ಕ ನನ್ನ ಪಾಲಿಗೆ ಬಂತು.

“ಬೀಜ ಗೀಜ ಯಾಕೆ ಅತ್ತೆ, ಕಂಪ್ಯೂಟರಿನಲ್ಲೇ ಇಡ್ತೀನಿ,” ಅಂದೆ. ಅವರಿಗೆ ಅದೊಂದು ದೊಡ್ಡ ಸಮಾಧಾನ. ಬೀದಿಯ ಹೆಂಗಸರಿಗೆಲ್ಲ ಹೇಳಿಕೊಂಡು ಬಂದರು. “ನಮ್ಮ ಹುಡುಗಿ ಕಂಪ್ಯೂಟರಿನಲ್ಲಿ ಲೆಕ್ಕ ಇಟ್ಟಿದಾಳೆ ಕಣ್ರೀ, ತಪ್ಪೋ ಮಾತೇ ಇಲ್ಲ.” ಮೊದಲ ಮೂರು ವಾರ ತಪ್ಪಲೂ ಇಲ್ಲ. ಸಂಜೆ ಮೊರ ಎಳೆದುಕೊಂಡು, ಎಣಿಸಿ, ಕಟ್ಟು ಹಾಕಿ, ಚೀಲಕ್ಕೆ ತುಂಬಿ, ಆ ದಿನದ ಸಂಖ್ಯೆ ಟೈಪ್ ಮಾಡುತ್ತಿದ್ದೆ. ಆಮೇಲೆ ಸೀಡಿ ಬಂತು.

ಆ ಗೇಮಿನಲ್ಲಿ ನಾನೊಬ್ಬ ಕತ್ತಿ ಹಿಡಿದ ಹೆಂಗಸು. ಊರಾಚೆ ಒಂದು ಬಯಲು. ಬಯಲಿನಲ್ಲಿ ತೋಳ. ತೋಳಕ್ಕೆ ಆರು ಏಟು ಹೊಡೆದರೆ ಸಾಯುತ್ತದೆ, ಚರ್ಮ ಸಿಗುತ್ತದೆ, ಪರದೆಯ ಕೆಳಗಿನ ಹಳದಿ ಪಟ್ಟಿ ಕೂದಲೆಳೆಯಷ್ಟು ಬೆಳೆಯುತ್ತದೆ. ಪಟ್ಟಿ ತುಂಬಿದರೆ ಒಂದು ಲೆವೆಲ್. ತುಂಬುವುದಕ್ಕೆ ಇನ್ನೂರು ತೋಳ ಬೇಕು. ನಾನು ಹೊಡೆದು ಮುಗಿಸುವಷ್ಟರಲ್ಲಿ ಮೊದಲು ಸತ್ತ ತೋಳ ಅದೇ ಕಲ್ಲಿನ ಪಕ್ಕದಲ್ಲಿ ಮತ್ತೆ ಎದ್ದು ನಿಂತಿರುತ್ತಿತ್ತು. ಮೊದಲ ದಿನ ನಲವತ್ತು ಹೊಡೆದು, ಥತ್ ಅಂತ ಎದ್ದುಹೋದೆ.

ಎರಡನೇ ದಿನ ಮಧ್ಯಾಹ್ನ ಮತ್ತೆ ಕೂತೆ. ಅತ್ತೆ ಚಾಪೆಯ ಮೇಲೆ ಬತ್ತಿ ಹೊಸೆಯುತ್ತಿದ್ದರು. ಮಸಕು ಮಸಕಾಗಿ ಪರದೆ ಅವರಿಗೂ ಕಾಣುತ್ತಿತ್ತು.

“ಏನೇ ಅದು, ಒಂದೇ ನಾಯೀನ ಎಷ್ಟು ಸಲ ಹೊಡೀತೀಯ?”

“ನಾಯಿ ಅಲ್ಲ ಅತ್ತೆ, ತೋಳ.”

“ಹೊಡೆದ್ರೆ ಏನು ಬರತ್ತೆ?”

“ಲೆವೆಲ್ ಏರತ್ತೆ. ನನಗೆ ಶಕ್ತಿ ಜಾಸ್ತಿ ಆಗತ್ತೆ.”

“ಆದ್ಮೇಲೆ?”

“ಇನ್ನೂ ದೊಡ್ಡ ತೋಳ ಬರತ್ತೆ.”

ಅತ್ತೆ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಅಯ್ಯೋ ನಿನ್ನ! ಇದಕ್ಕಿಂತ ನನ್ನ ಜೊತೆ ಹತ್ತಿ ಬೀಜ ತೆಗೀಬಾರ್ದಾ,” ಅಂದರು. ನಾನೂ ನಕ್ಕೆ. ಆಮೇಲೆ ಉರಿದುಕೊಂಡು, “ನೀವು ಮಾಡ್ತಿರೋದೂ ಇದೇ ಅಲ್ವಾ? ಒಂದು ವರ್ಷದಿಂದ ಒಂದೇ ಬತ್ತಿ ಹೊಸೀತಿದೀರಿ. ನಿಮಗೆ ಬೇಜಾರಾಗಲ್ವಾ?” ಅಂತ ಕೇಳಿಬಿಟ್ಟೆ.

ಭಕ್ತಿಯ ಮಾತೇನಾದರೂ ಬರುತ್ತದೆ ಅಂದುಕೊಂಡಿದ್ದೆ.

“ಆಗತ್ತೆ ಕಣೇ,” ಅಂದರು. “ದಿನಾ ಆಗತ್ತೆ. ಸೊಂಟ ನೋಯತ್ತೆ, ಎದ್ದು ಹೋಗ್ಬುಡೋಣ ಅನ್ಸತ್ತೆ.”

“ಮತ್ತೆ ಯಾಕೆ ಮಾಡ್ತೀರಿ?”

ಕೈಯಲ್ಲಿದ್ದ ಬತ್ತಿಯನ್ನು ಪೂರ್ತಿ ಹೊಸೆದು ಮೊರಕ್ಕೆ ಹಾಕಿದರು. ಆಮೇಲೆ ಹೇಳಿದರು. ಚಿಕ್ಕಂದಿನಿಂದಲೂ ಅವರಿಗೆ ಕತ್ತಲೆ ಅಂದರೆ ಭಯವಂತೆ. ಗಂಡ ಹೋದ ಮೇಲೆ ಅವರನ್ನು ಗಂಡನ ಮನೆಯ ಒಂದು ಒಳಕೋಣೆಯಲ್ಲಿ ಕೆಲವು ದಿನ ಕೂರಿಸಿದ್ದರಂತೆ, ಕಿಟಕಿ ಇಲ್ಲದ ಕೋಣೆ, ಆಗ ಅಂಟಿಕೊಂಡ ಭಯ ಬಿಡಲೇ ಇಲ್ಲವಂತೆ. ಈಗ ಕಣ್ಣೇ ಹೋಗುತ್ತಿದೆ. ಇಲ್ಲಿ ಇರುವಷ್ಟು ದಿನ ಹೇಗೋ ಆಗುತ್ತದೆ, ನೀವೆಲ್ಲ ಇದ್ದೀರಿ. ಆದರೆ ಸತ್ತ ಮೇಲೆ ಹೋಗುವ ದಾರಿ ಪೂರ್ತಿ ಕತ್ತಲೆಯಂತೆ, ಅಲ್ಲಿ ಜೊತೆಗೆ ಯಾರೂ ಇರುವುದಿಲ್ಲವಂತೆ. ಇಲ್ಲಿ ಹಚ್ಚಿದ ಒಂದೊಂದು ಬತ್ತಿ ಅಲ್ಲಿ ಒಂದೊಂದು ಹೆಜ್ಜೆಗೆ ಬೆಳಕಾಗುತ್ತದೆ ಅಂತ ಅವರ ಅಜ್ಜಿ ಹೇಳಿದ್ದರಂತೆ.

“ಲಕ್ಷ ಹೆಜ್ಜೆ ಇಟ್ರೆ ದಾರಿ ಮುಗಿಯತ್ತಂತೆ. ಒಂದು ಕಮ್ಮಿ ಆದ್ರೂ ಅಲ್ಲಿಗೆ ನಿಂತ್ಕೋಬೇಕು,” ಅಂದರು. “ನಿಂಗೆ ನಗು ಬರತ್ತೆ, ಗೊತ್ತು.”

ನನಗೆ ನಗು ಬರಲಿಲ್ಲ. ಪರದೆಯ ಕಡೆ ತಿರುಗಿ ತೋಳ ಹೊಡೆಯುತ್ತಾ ಕೂತೆ.

ನಾಲ್ಕನೇ ದಿನಕ್ಕೆ ಆ ಗೇಮು ಹಿಡಿಸತೊಡಗಿತು. ನನಗೇ ಆಶ್ಚರ್ಯ. ಬೆರಳು ತಾನಾಗಿ ಆಡುತ್ತಿತ್ತು, ತಲೆಯೊಳಗಿನ ಗಲಾಟೆ ನಿಂತಿತ್ತು. ಥೀಸಿಸ್ ಕೊಟ್ಟವರ ಕಾಟ, ನನ್ನನ್ನು ನೋಡಿಹೋದ ಗಂಡಿನ ಮನೆಯವರು ಇನ್ನೂ ಮಾತು ಹೇಳಿ ಕಳಿಸದ ಅವಮಾನ, ಯಾವುದೂ ನೆನಪಿಗೆ ಬರುತ್ತಿರಲಿಲ್ಲ. ಓಹೋ, ಎದ್ದು ಹೋಗದವರಿಗೆ ಸಿಗುವುದು ಇದೇ ಇರಬೇಕು ಅಂದುಕೊಂಡೆ. ಗೆಳತಿಗೆ ಫೋನ್ ಮಾಡಿ, “ಪರವಾಗಿಲ್ಲ ಕಣೇ, ಬೆರಳಿಗೆ ಕೆಲಸ ಕೊಟ್ಟು ತಲೆಗೆ ರಜ ಕೊಡತ್ತೆ,” ಅಂತ ಕೂಡ ಹೇಳಿದೆ. ಆ ದಿನ ಮೊರದಲ್ಲಿದ್ದ ಬತ್ತಿ ಎಣಿಸಲಿಲ್ಲ. ನಾಳೆ ಸೇರಿಸಿ ಎಣಿಸಿದರಾಯಿತು ಅಂತ ಚೀಲಕ್ಕೆ ಸುರಿದೆ.

ನಾಳೆಯೂ ಎಣಿಸಲಿಲ್ಲ. ಚೀಲವನ್ನು ಕೈಯಲ್ಲಿ ತೂಗಿ ನೋಡಿ ಅಂದಾಜಿನಲ್ಲಿ ನಾನೂರು ಅಂತ ಟೈಪ್ ಮಾಡಿದೆ.

ಏಳನೇ ದಿನ ತೋಳ ಹೊಡೆಯುವುದು ಮತ್ತೆ ಸಾಕಾಯಿತು. ಐದನೇ ಲೆವೆಲ್ಲಿನಲ್ಲಿ ನಾನೂರು ತೋಳ ಬೇಕಿತ್ತು. ನನ್ನ ಹಳೆಯ ಸಿಟ್ಟು ಬುಸುಗುಟ್ಟಿಕೊಂಡು ಎದ್ದಿತು. ಗೆಳತಿಗೆ ಫೋನ್ ಮಾಡಿ ಬೈದೆ. ಅವಳು, “ಹೊಡೀದೇನೇ ಲೆವೆಲ್ ಏರಿಸೋ ಚೀಟ್ ಕೋಡ್ ಒಂದಿದೆ, ಬರ್ಕೋ,” ಅಂದಳು. ಬರೆದುಕೊಂಡೆ, ಟೈಪ್ ಮಾಡಿದೆ. ಪಟ್ಟಿ ತುಂಬಿತು, ಖಾಲಿಯಾಯಿತು, ಮತ್ತೆ ತುಂಬಿತು. ಕಣ್ಣು ಮಿಟುಕಿಸುವಷ್ಟರಲ್ಲಿ ನಾನು ನಲವತ್ತನೇ ಲೆವೆಲ್ಲಿನ ವೀರವನಿತೆ. ಬಯಲಿಗೆ ಹೋಗಿ ಕತ್ತಿ ಎತ್ತಿದರೆ ಸಾಕು, ತೋಳಗಳು ಸಾಲಾಗಿ ಬೀಳುತ್ತಿದ್ದವು. ಅರ್ಧ ಗಂಟೆ ಎಂಥ ಖುಷಿ! ಆಮೇಲೆ ಒಂದೇ ಸಲಕ್ಕೆ ಎಲ್ಲವೂ ಸಪ್ಪೆಯಾಯಿತು. ಆ ಬಯಲಿನಲ್ಲಿ ನನಗೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ನನ್ನ ತೀರ್ಮಾನ ಅಲ್ಲಿಗೆ ಆಯಿತು. ಇಂಥ ಗೇಮು ಹಿಡಿಸಬೇಕಾದರೆ ತೋಳ ಹೊಡೆಯುವುದೇ ಇಷ್ಟವಾಗಬೇಕು. ನನಗೆ ಇಷ್ಟವಾದದ್ದು ಪಟ್ಟಿ ತುಂಬುವುದು. ಹೊಡೆಯುವುದನ್ನು ನಾನು ಪಟ್ಟಿಗಾಗಿ ಸಹಿಸಿಕೊಂಡಿದ್ದೆ, ಯಾರಾದರೂ ಸುಮ್ಮನೆ ತುಂಬಿಸಿಕೊಟ್ಟರೆ ಎರಡು ಕೈಯಲ್ಲೂ ತೆಗೆದುಕೊಳ್ಳುವವಳು ನಾನು. ಇಷ್ಟು ಸರಿಯಾಗಿ ನನ್ನನ್ನು ನಾನು ಕಂಡುಕೊಂಡೆ ಅಂತ ಹೆಮ್ಮೆಯಾಯಿತು. ಮುಠ್ಠಾಳತನ ಅಂದರೆ ಅದು.

ಅದೇ ದಿನ ಸಂಜೆ ಅತ್ತೆ, “ಎಷ್ಟಾಯ್ತೇ ಒಟ್ಟು?” ಅಂತ ಕೇಳಿದರು.

ನೋಡಿ ಹೇಳಿದೆ. ನನ್ನ ಅಂದಾಜುಗಳೂ ಸೇರಿ ಎಪ್ಪತ್ತು ಸಾವಿರ ಮುಟ್ಟಿರಲಿಲ್ಲ. ಕಾರ್ತಿಕದ ಕೊನೆಯ ಸೋಮವಾರದೊಳಗೆ ಲಕ್ಷ ಆಗಲು ದಿನಕ್ಕೆ ಎಷ್ಟು ಬೇಕು ಅಂತ ಭಾಗಿಸಿ ನೋಡಿದೆ. ಮುನ್ನೂರ ಐವತ್ತರ ಹತ್ತಿರ ಬಂತು. ಕಣ್ಣು ಮಂಜಾದ ಮೇಲೆ ಅತ್ತೆ ಮಾಡುತ್ತಿದ್ದದ್ದು ಇನ್ನೂರು, ಜಾಸ್ತಿ ಅಂದರೆ ಇನ್ನೂರ ಇಪ್ಪತ್ತು. ಹೇಳದೆ ಇರಬಹುದಿತ್ತು. ನಾನು ಲೆಕ್ಕದಲ್ಲಿ ಬಲು ಪ್ರಾಮಾಣಿಕಳು ಅಲ್ಲವೇ, ಹೇಳಿದೆ.

“ಹಾಗಾದ್ರೆ ಆಗಲ್ಲ ಅನ್ನು,” ಅಂದರು ಅತ್ತೆ. ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿತು. ವರ್ಷದಲ್ಲಿ ಅದೇ ಮೊದಲು ನಾನು ಅವರ ಕೈ ಸುಮ್ಮನಿದ್ದದ್ದನ್ನು ನೋಡಿದ್ದು.

“ಮುಂದಿನ ಕಾರ್ತಿಕಕ್ಕೆ ಹಚ್ಚಿದರಾಯ್ತು ಬಿಡಿ.”

“ಅಷ್ಟು ಹೊತ್ತಿಗೆ ಕಣ್ಣು ಇರತ್ತೇನೇ? ಹಚ್ಚಿದ್ದನ್ನ ನಾನು ನೋಡ್ಬೇಕಲ್ವಾ? ನೋಡಿಟ್ಕೊಂಡ್ರೆ ತಾನೇ ಆಮೇಲೆ ನೆನಪಿರೋದು?”

ಮರುದಿನ ಮೊರದಲ್ಲಿ ಎಷ್ಟಿತ್ತೋ ನನಗೆ ಗೊತ್ತಿಲ್ಲ. ಮುನ್ನೂರ ಅರವತ್ತೆರಡು ಅಂತ ಟೈಪ್ ಮಾಡಿ, “ಅತ್ತೆ, ಇವತ್ತು ಭರ್ಜರಿ! ಮುನ್ನೂರ ಅರವತ್ತು ದಾಟಿದೆ!” ಅಂದೆ. ಅವರ ಮುಖ ಅರಳಿತು. “ಹೌದೇನೇ? ಕಣ್ಣು ಹೋದ್ರೂ ಕೈ ಓಡ್ತಿದೆ ನೋಡು,” ಅಂದರು. ಅಡುಗೆಮನೆಯಲ್ಲಿದ್ದ ಅಮ್ಮನನ್ನು ಕೂಗಿ ಕರೆದು ಹೇಳಿದರು.

ಅಲ್ಲಿಂದ ಕಾರ್ತಿಕದವರೆಗೆ ನಾನು ಒಂದು ದಿನವೂ ಎಣಿಸಲಿಲ್ಲ. ಗೇಮು ನಿಲ್ಲಿಸಿದ್ದೆ, ಸೀಡಿ ವಾಪಸ್ ಕೊಟ್ಟು, “ನನಗೆ ಹಿಡಿಸಲಿಲ್ಲ, ಆದ್ರೆ ಹಾಕ್ಸು, ಹಿಡಿಸೋರಿಗೆ ಹಿಡಿಸತ್ತೆ,” ಅಂತ ಗೆಳತಿಗೆ ಹೇಳಿಯೂ ಆಗಿತ್ತು. ಹಾಗಾಗಿ ಗೇಮಿನಲ್ಲಿ ಮುಳುಗಿ ಎಣಿಸಲಿಲ್ಲ ಅನ್ನುವ ನೆಪವೂ ನನಗಿಲ್ಲ. ಮುನ್ನೂರ ನಲವತ್ತೇಳು, ಮುನ್ನೂರ ಎಪ್ಪತ್ತೊಂದು, ಒಂದು ದಿನ ಮುನ್ನೂರ ಹತ್ತು. ಅನುಮಾನ ಬರಬಾರದು ಅಂತ ಹೆಚ್ಚು ಕಮ್ಮಿ ಮಾಡಿ ಹಾಕುತ್ತಿದ್ದೆ. ಯಾರಿಗೆ ಅನುಮಾನ? ಅಮ್ಮ ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ, ಅತ್ತೆಗೆ ಪರದೆಯ ಅಂಕಿ ಕಾಣುತ್ತಿರಲಿಲ್ಲ. ಆ ಅಂಕಿಗಳನ್ನು ಓದುವವಳು ಈ ಭೂಮಿಯ ಮೇಲೆ ನಾನೊಬ್ಬಳೇ ಇದ್ದೆ.

ಕರುಣೆಯಿಂದ ಹಾಗೆ ಮಾಡಿದೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಮೊದಲ ದಿನ ಕರುಣೆ ಇದ್ದಿರಬಹುದು. ಆಮೇಲಿನದೆಲ್ಲ ಬರೀ ಸೋಮಾರಿತನ. ಎಣಿಸುವುದು ಬೇಜಾರಿನ ಕೆಲಸ, ಸಂಖ್ಯೆ ಏರುವುದು ಚೆನ್ನಾಗಿರುತ್ತದೆ, ಅಷ್ಟೇ. ಅತ್ತೆಯ ವ್ರತಕ್ಕೂ ನಾನು ಚೀಟ್ ಕೋಡ್ ಹಾಕಿದ್ದೆ.

ಕಾರ್ತಿಕದ ಕೊನೆಯ ಸೋಮವಾರದ ಹಿಂದಿನ ದಿನ ಒಂದು ಲಕ್ಷ ಅಂತ ಹೇಳಿದೆ. ಸರಿಯಾಗಿ ಒಂದು ಲಕ್ಷ ಬರುವ ಹಾಗೆ ಕೊನೆಯ ದಿನದ ಅಂಕಿ ಹಾಕಿದ್ದೆ. ಅತ್ತೆ ಹೊಸೆಯುತ್ತಿದ್ದ ಬತ್ತಿಯನ್ನು ಅಲ್ಲಿಗೇ ನಿಲ್ಲಿಸಿ, ಎರಡೂ ಕೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡರು. ನಿಲ್ಲಿಸಿಬಿಟ್ಟರು, ಅದೇ ನನಗೆ ಈಗಲೂ ಸಹಿಸುವುದಕ್ಕೆ ಆಗದೆ ಇರುವುದು. ನಾನು ಸುಮ್ಮನಿದ್ದಿದ್ದರೆ ಆ ಹೆಂಗಸು ಹೊಸೆಯುತ್ತಲೇ ಇರುತ್ತಿದ್ದರು. ಕಣ್ಣು ಪೂರ್ತಿ ಹೋದ ಮೇಲೂ ಹೊಸೆಯುತ್ತಿದ್ದರು. ಅವರ ಕೈ ಚೆನ್ನಾಗಿತ್ತು, ಇನ್ನೊಂದು ವರ್ಷಕ್ಕೆ ನಿಜವಾದ ಲಕ್ಷ ತಾನಾಗಿ ಆಗುತ್ತಿತ್ತು.

ದೇವಸ್ಥಾನದಲ್ಲಿ ದೊಡ್ಡ ತಾಮ್ರದ ಕೊಪ್ಪರಿಗೆ ಇಟ್ಟಿದ್ದರು. ತುಪ್ಪದಲ್ಲಿ ನೆಂದ ಬತ್ತಿಗಳನ್ನು ಗೋಪುರದ ಹಾಗೆ ಒಟ್ಟಿದ್ದರು. ಅರ್ಚಕರು ಸಂಕಲ್ಪ ಹೇಳಿಸುವಾಗ, “ಲಕ್ಷ ಪೂರ್ತಿ ಇದೆ ತಾನೇ ಅಮ್ಮ?” ಅಂತ ಕೇಳಿದರು. “ಕಂಪ್ಯೂಟರ್ ಲೆಕ್ಕ ಸ್ವಾಮಿ,” ಅಂದರು ಅತ್ತೆ, ನನ್ನ ಕೈಯನ್ನು ಮೇಲೆತ್ತಿ ಹಿಡಿದು. ಆಗಲಾದರೂ ಬಾಯಿ ಬಿಡಬಹುದಿತ್ತು. ಸುತ್ತ ಬೀದಿಯವರೆಲ್ಲ ನಿಂತಿದ್ದರು. ನಾನು ಬಾಯಿ ಬಿಡಲಿಲ್ಲ. ಬೆಂಕಿ ಮುಟ್ಟಿಸಿದಾಗ ಭಗ್ಗನೆ ಎದ್ದ ಉರಿಗೆ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಅತ್ತೆ ಮಾತ್ರ ಸರಿಯಲಿಲ್ಲ. “ಇದು ನನಗೂ ಕಾಣ್ತಿದೆ ಕಣೇ! ಪೂರ್ತಿ ಕಾಣ್ತಿದೆ!” ಅಂತ ಚಿಕ್ಕ ಮಗುವಿನ ಹಾಗೆ ಕೂಗಿದರು. ಉರಿ ಇಳಿಯುವವರೆಗೂ ರೆಪ್ಪೆ ಹೊಡೆಯದೆ ನೋಡಿದರು.

ಅದಾದ ಮೇಲೆ ಎರಡು ವರ್ಷ ಇದ್ದರು. ಒಂದು ವರ್ಷಕ್ಕೆ ಕಣ್ಣು ಪೂರ್ತಿ ಹೋಯಿತು. ಆದರೆ ಎಲ್ಲರೂ ಅಂದುಕೊಂಡ ಹಾಗೆ ಕುಗ್ಗಲಿಲ್ಲ. ಬಚ್ಚಲಿಗೆ ಗೋಡೆ ಹಿಡಿದುಕೊಂಡು ತಾವೇ ಹೋಗುತ್ತಿದ್ದರು. “ನನಗೇನೇ ಭಯ, ಮುಂದಿನದಕ್ಕೆ ವ್ಯವಸ್ಥೆ ಮಾಡ್ಕೊಂಡಿದೀನಿ,” ಅಂತ ತಮಾಷೆ ಮಾಡುತ್ತಿದ್ದರು. ಆ ತಮಾಷೆಗೆ ಅಮ್ಮ ನಗುತ್ತಿದ್ದರು. ನಾನು ಏನಾದರೂ ಕೆಲಸ ನೆನಪಿಸಿಕೊಂಡು ಒಳಗೆ ಹೋಗುತ್ತಿದ್ದೆ.

ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆ ಇರಬಹುದು. ಕಿಟಕಿಯಿಂದ ಬಿಸಿಲು ಅವರ ಚಾಪೆಯ ಮೇಲೆಲ್ಲ ಬಿದ್ದಿತ್ತು. ಅಮ್ಮ ಡಾಕ್ಟರಿಗೆ ಫೋನ್ ಮಾಡಲು ಹೋಗಿದ್ದರು. ಅತ್ತೆಯ ಉಸಿರು ಮೇಲೆ ಮೇಲೆ ಆಡುತ್ತಿತ್ತು. ನನ್ನ ಕೈ ಹುಡುಕಿದರು, ಕೊಟ್ಟೆ.

“ಲಕ್ಷ ಆಗಿತ್ತಲ್ವೇನೇ?”

ಹೇಳಬಹುದಿತ್ತು. ಹೇಳಿದ್ದರೆ ಏನಾಗುತ್ತಿತ್ತು ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಹೇಳದೆ ಇದ್ದದ್ದೇ ಸರಿ ಅಂತ ಒಂದೊಂದು ದಿನ ಅನ್ನಿಸುತ್ತದೆ, ಮರುದಿನ ಅನ್ನಿಸುವುದಿಲ್ಲ.

“ಆಗಿತ್ತು ಅತ್ತೆ. ಪೂರ್ತಿ ಆಗಿತ್ತು.”

“ಸರಿ ಹಾಗಾದ್ರೆ,” ಅಂದರು. ಊರಿಗೆ ಹೊರಟವರು ಬಸ್ಸಿನ ಟೈಮು ಕೇಳಿ ತಿಳಿದುಕೊಂಡು ಹೇಳುವ ಹಾಗೆ. ಅಮ್ಮ ವಾಪಸ್ ಬರುವಷ್ಟರಲ್ಲಿ ಮುಗಿದಿತ್ತು.

ಅವರ ವೈಕುಂಠ ಸಮಾರಾಧನೆ ಆದ ಮೇಲೆ ನನಗೆ ಶುರುವಾಯಿತು. ಸಂಜೆ ಕರೆಂಟು ಹೋದಾಗ ಕಣ್ಣ ಮುಂದೆ ಒಂದು ದಾರಿ ಬರುತ್ತದೆ. ದಾರಿಯುದ್ದಕ್ಕೂ ನೆಲದ ಮೇಲೆ ಹೂಬತ್ತಿ ಉರಿಯುತ್ತಿದೆ. ಅತ್ತೆ ಸೆರಗು ಹೊದ್ದು, ಒಂದೊಂದು ಬತ್ತಿಗೆ ಒಂದೊಂದು ಹೆಜ್ಜೆ ಇಡುತ್ತಾ, ನಿಶ್ಚಿಂತೆಯಾಗಿ ಹೋಗುತ್ತಿದ್ದಾರೆ. ಬತ್ತಿ ಮುಗಿಯುತ್ತದೆ, ದಾರಿ ಮುಗಿಯುವುದಿಲ್ಲ. ಅತ್ತೆ ನಿಂತು, ಕಾಲು ಮುಂದೆ ಚಾಚಿ ತಡವುತ್ತಾರೆ, ಹಿಂದೆ ತೆಗೆಯುತ್ತಾರೆ. ಆಮೇಲೆ ತಿರುಗಿ ನನ್ನ ಕಡೆ ನೋಡುತ್ತಾರೆ. ಸಿಟ್ಟಿಲ್ಲ ಆ ಮುಖದಲ್ಲಿ. ಇನ್ನೂ ಇರಬೇಕಲ್ಲ, ಎಲ್ಲಿಟ್ಟಿದೀಯೇ ಅಂತ ಕೇಳುವ ಮುಖ ಅದು. ಇದೆಲ್ಲ ನನ್ನ ತಲೆಯೊಳಗಿನ ಆಟ ಅಂತ ಗೊತ್ತು. ಗೊತ್ತಿದ್ದರೆ ಏನು ಬಂತು, ಕರೆಂಟು ಬರುವವರೆಗೆ ನಿಂತಲ್ಲಿಂದ ಕದಲುವುದಿಲ್ಲ.

ಒಂದು ವರ್ಷ ತಡೆದುಕೊಂಡೆ. ಆಮೇಲೆ ಹತ್ತಿ ತಂದು ನಾನೇ ಹೊಸೆಯುವುದಕ್ಕೆ ಕೂತೆ. ಎಷ್ಟು ಕಮ್ಮಿ ಬಿದ್ದಿತ್ತು ಅಂತ ತಿಳಿಯಲು ಫೈಲು ತೆರೆದೆ. ಫೈಲಿನಲ್ಲಿ ಏನಿರುತ್ತದೆ? ದಿನ ದಿನದ ಅಂಕಿ, ಕೆಳಗೆ ಒಂದು ಲಕ್ಷ. ನಾನು ಎಷ್ಟು ಚೆನ್ನಾಗಿ ಹೆಚ್ಚು ಕಮ್ಮಿ ಮಾಡಿದ್ದೆ ಅಂದರೆ ಎಣಿಸದ ದಿನಗಳಲ್ಲಿ ಮೊರದಲ್ಲಿ ನಿಜವಾಗಿ ಎಷ್ಟಿತ್ತು ಅಂತ ನನಗೇ ಗುರುತು ಸಿಗಲಿಲ್ಲ. ಹತ್ತು ಸಾವಿರ ಕಮ್ಮಿ ಇದ್ದಿರಬಹುದು. ಇಪ್ಪತ್ತೂ ಇರಬಹುದು. ಗೇಮಿನವರು ದೊಡ್ಡ ಮನಸ್ಸಿನವರು, ಇನ್ನೆಷ್ಟು ತೋಳ ಬಾಕಿ ಅಂತ ಪಟ್ಟಿ ಹಾಕಿ ತೋರಿಸುತ್ತಿದ್ದರು.

ಇಪ್ಪತ್ತು ಸಾವಿರ ಮುಗಿಸಿದೆ. ಒಂದೊಂದನ್ನೂ ಎಣಿಸಿ, ಕಟ್ಟು ಹಾಕಿ, ಕಾರ್ತಿಕದಲ್ಲಿ ಹಚ್ಚಿಸಿ ಬಂದೆ. ಸಂಜೆ ಕರೆಂಟು ಹೋಯಿತು, ಅತ್ತೆ ನಿಂತೇ ಇದ್ದರು. ಇಪ್ಪತ್ತೈದು ಇತ್ತೇನೋ ಅಂತ ಇನ್ನೂ ಐದು ಸಾವಿರ ಮಾಡಿದೆ. ಆಮೇಲೆ ಮೊದಲಿನ ಮಾತು ನೆನಪಾಯಿತು, ಬೇರೆಯವರ ಕೈಯದು ಲೆಕ್ಕಕ್ಕೆ ಬರುವುದಿಲ್ಲ ಅಂತ ಅವರೇ ಹೇಳಿದ್ದು. ಆದರೂ ಬಿಡುವುದಕ್ಕೆ ಧೈರ್ಯ ಬರಲಿಲ್ಲ. ಹೊಸೆಯುತ್ತಲೇ ಇದ್ದೇನೆ. ಬೇಜಾರಾಗುತ್ತದೆ, ದಿನಾ ಆಗುತ್ತದೆ.

ಹೋದ ತಿಂಗಳು ಅಮ್ಮ ಬಂದು ಎದುರಿಗೆ ಕೂತರು. “ಯಾರಿಗೇ ಇದು? ಯಾವ ವ್ರತ? ನಾಲ್ಕು ವರ್ಷದಿಂದ ನೋಡ್ತಿದೀನಿ, ಕೇಳಿದ್ರೆ ಹಾರಿಕೆ ಉತ್ತರ ಕೊಡ್ತೀಯ,” ಅಂದರು. ಸುಳ್ಳು ಹೇಳಿ ಹೇಳಿ ನನಗೂ ಸಾಕಾಗಿತ್ತು. ಎಲ್ಲವನ್ನೂ ಹೇಳಿದೆ. ಎಣಿಸದ ದಿನಗಳು, ಸುಳ್ಳು ಅಂಕಿ, ಕೊನೆಯ ಮಧ್ಯಾಹ್ನ, ಯಾವುದನ್ನೂ ಬಿಡಲಿಲ್ಲ. ಅಮ್ಮ ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು. ಇಲ್ಲವೇ ಹೋಗಲಿ ಬಿಡು, ಚಿಕ್ಕವಳಿದ್ದೆ ಅನ್ನುತ್ತಾರೆ ಅಂದುಕೊಂಡೆ. ಅದನ್ನೂ ಅನ್ನಲಿಲ್ಲ. ಅಮ್ಮ ಇದನ್ನೆಲ್ಲ ನಂಬುವವರು ಅನ್ನುವುದನ್ನು ನಾನು ಮರೆತಿದ್ದೆ. ಅವರ ಮುಖದ ಬಣ್ಣ ಇಳಿದುಹೋಗಿತ್ತು.

“ಹಾಗಾದ್ರೆ ಅತ್ತಿಗೆ ಈಗ ಎಲ್ಲಿ ನಿಂತಿದಾರೇ?” ಅಂತ ಕೇಳಿದರು.

ಗೊತ್ತಿಲ್ಲ ಅಂದೆ. ಅದು ಗೊತ್ತಿರಬೇಕಾದವಳು ನಾನೊಬ್ಬಳೇ ಆಗಿದ್ದೆ.